ಬೇಗಂ ಅವರ ಮುಲಾಮು, ಮೌಲಾಹುಸೇನರ ಮಷೀನು

ತೌಡು ಕುಟ್ಟುವುದೆಂದರೆ ಕನ್ನಡ ನಾಡಿನ ಉಳಿದೆಲ್ಲ ಕಡೆ ಕೆಲಸಕ್ಕೆ ಬಾರದ ಕೆಲಸ. ಗಂಗಾವತಿಯಲ್ಲಿ ಮಾತ್ರ ಅದಕ್ಕೆ ತಿಂಗಳ ಸಂಬಳವಿದೆ, ದೀಪಾವಳಿಗೆ ಒಂದು ಡಬ್ಬಿ ಮಿಠಾಯಿ ಇದೆ, ಸಾಹುಕಾರರ ಮನಸ್ಸು ಚೆನ್ನಾಗಿದ್ದ ವರ್ಷ ಕಂಪನಿಯ ಹೆಸರು ಬರೆದ ಗೋಡೆ ಗಡಿಯಾರವೂ ಬರುತ್ತದೆ. ಪಕ್ಕದ ಸಿದ್ದಾಪುರದ ಮೌಲಾಹುಸೇನರು ಈ ಕೆಲಸಕ್ಕೆ ಸೇರಿದ್ದು ೧೯೯೭ರಲ್ಲಿ, ಕೊಪ್ಪಳವು ರಾಯಚೂರಿನಿಂದ ಬಿಡಿಸಿಕೊಂಡು ತಾನೇ ಒಂದು ಜಿಲ್ಲೆಯಾದ ವರ್ಷ. "ನಾನೂ ಜಿಲ್ಲಾನೂ ಕೂಡೇ ಚಾಲೂ ಆದಿವಿ. ಅದು ಮುಂದ ಹೋತು, ನಾ ಅಲ್ಲೇ ಅದೇನಿ" ಎಂದು ಅವರು ಆಗಾಗ ಹೇಳುತ್ತಿದ್ದರು. ಹಾಗೆ ಹೇಳುವಾಗ ಮುಖದಲ್ಲಿ ದುಃಖವೇನೂ ಇರುತ್ತಿರಲಿಲ್ಲ. ಮುಂದೆ ಹೋಗಿ ಮಾಡುವುದೇನಿದೆ ಎಂಬ ಜಾತಿಯ ಮನುಷ್ಯ.

ಅಕ್ಕಿ ಗಿರಣಿಗಳಲ್ಲಿ ಉಳಿಯುವ ತೌಡನ್ನು ಲಾರಿಗಟ್ಟಲೆ ತರಿಸಿ ಅದರಿಂದ ಎಣ್ಣೆ ತೆಗೆಯುವ ಫ್ಯಾಕ್ಟರಿ ಅದು. ಮೌಲಾಹುಸೇನರು ಅಲ್ಲಿಯ ಕೆಮಿಸ್ಟ್. ಲ್ಯಾಬ್ ಎಂದರೆ ಒಂದೇ ಕೋಣೆ. ಅದರೊಳಗೆ ಒಂದು ಮೇಜು, ಒಂದಿಷ್ಟು ಗಾಜಿನ ಸಾಮಾನು ಮತ್ತು ಮೂಲೆಯಲ್ಲಿ, ಧೂಳು ಬೀಳದಂತೆ ಬೇಗಂ ಹೊಲಿದುಕೊಟ್ಟ ಹೂವಿನ ಮುಸುಕು ಹೊದ್ದುಕೊಂಡು ಕೂತ ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಈ ಹೆಸರನ್ನು ನಡುವೆ ಉಸಿರು ತೆಗೆದುಕೊಳ್ಳದೆ ಹೇಳಬಲ್ಲವರು ಫ್ಯಾಕ್ಟರಿಯಲ್ಲಿ ಅವರೊಬ್ಬರೇ. ಉಳಿದವರಿಗೆ ಅದು ಸಾಬರ ಮಷೀನು. ಹೈದರಾಬಾದಿನಲ್ಲಿ ಬಾಗಿಲು ಮುಚ್ಚಿದ ಯಾವುದೋ ಸಾಬೂನು ಕಾರ್ಖಾನೆಯಿಂದ ಸಾಹುಕಾರರು ಅದನ್ನು ಹಳೆಯದಾಗಿಯೇ ತಂದಿದ್ದರು. ಎಣ್ಣೆ ಕೊಳ್ಳುವವರು ಎಣ್ಣೆಯ ಜೊತೆ ಅದರ ಜಾತಕವನ್ನೂ ಕೇಳಲು ಶುರುಮಾಡಿದ್ದರಿಂದ ತರದೆ ಗತಿಯಿರಲಿಲ್ಲ.

ಮಷೀನು ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಮೌಲಾಹುಸೇನರು ಕೈಯಲ್ಲಿದ್ದ ಕೆಲಸ ಬಿಟ್ಟು ಹೇಳುತ್ತಿದ್ದರು. ಒಮ್ಮೆ ತೌಡಿನ ಲಾರಿಯ ಡ್ರೈವರನೊಬ್ಬ ಕೇಳಿ ಸಿಕ್ಕಿಬಿದ್ದ.

"ಗಂಗಾವತಿಯಿಂದ ನವಲಿಗೆ ಹೋಗೂ ಬಸ್ಸು ಅನ್ಕೋ. ಎಣ್ಣ್ಯಾಗಿನ ಆಸಿಡ್ಡು ಅಂದ್ರ ಮಂದಿ. ಎಲ್ಲಾರೂ ಒಮ್ಮೆಲೇ ಹತ್ತತಾರ, ಆದ್ರ ಒಬ್ಬೊಬ್ರು ಒಂದೊಂದು ಸ್ಟಾಪಿಗೆ ಇಳಿತಾರ. ಪಾಮಿಟಿಕ್ ಅನ್ನಾಂವ ಹಗೂರ ಮನಷ್ಯಾ, ಲಗೂ ಇಳಿತಾನ. ಅವನ ಹಿಂದ ಸ್ಟಿಯರಿಕ್ಕು, ಆಮ್ಯಾಲ ಓಲಿಕ್ಕು, ಲಿನೋಲಿಕ್ಕು. ಒಬ್ಬರು ಇಳಿದಂಗೆಲ್ಲ ಈ ಪೆನ್ನು ಕಾಗದದ ಮ್ಯಾಲ ಒಂದು ಗುಡ್ಡ ಬರೀತೈತಿ. ಗುಡ್ಡ ದೊಡ್ಡದಿದ್ರ ಆ ಸ್ಟಾಪಿಗೆ ಭಾಳ ಮಂದಿ ಇಳದ್ರು ಅಂತ ತಿಳೀಬೇಕು."

"ಮತ್ತ ಟಿಕೀಟು ಯಾರು ಹರೀತಾರ್ರಿ?" ಎಂದ ಡ್ರೈವರ.

"ನಾನಽ" ಎಂದರು ಮೌಲಾಹುಸೇನರು, ಸೋಲದೆ.

ಬಸ್ಸಿನೊಳಗೆ ಏನಿತ್ತೆಂದರೆ ಕೂದಲೆಳೆಯಂಥ ಒಂದು ಉದ್ದ ನಳಿಗೆ. ಅದನ್ನು ಸುರುಳಿ ಸುತ್ತಿ ಓವನ್ನಿನಲ್ಲಿಟ್ಟಿರುತ್ತಾರೆ, ಗ್ಯಾಸು ಅದರೊಳಗಿಂದ ಎಲ್ಲರನ್ನೂ ದೂಡಿಕೊಂಡು ಹೋಗುತ್ತದೆ. ಇಷ್ಟು ನಾಜೂಕಿನ ಬಸ್ಸನ್ನು ಕೊನೆಯ ಸ್ಟಾಪಿನವರೆಗೆ ಬಿಡುವ ಪದ್ಧತಿ ಮಾತ್ರ ಆ ಲ್ಯಾಬಿನಲ್ಲಿರಲಿಲ್ಲ. ಕಾಲುವೆ ಸೀಮೆಯ ಕರೆಂಟು ಯಾವಾಗ ಹೋಗುತ್ತದೆಂದು ಕರೆಂಟಿನವರಿಗೇ ತಿಳಿಯದು. ನಡುವೆ ಹೋಯಿತೋ, ಓಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಹಾಗಾಗಿ ತೌಡಿನ ಎಣ್ಣೆಯ ಕೊನೆಯ ಚಿಕ್ಕ ಗುಡ್ಡ ಇಳಿದು ಪೆನ್ನು ನೆಲ ಮುಟ್ಟಿತೋ ಇಲ್ಲವೋ, ಮೌಲಾಹುಸೇನರು ಓವನ್ನಿನ ಬಾಗಿಲು ತೆರೆದು ಅದು ಬೇಗ ಆರಲೆಂದು ಮುಂದೆ ಟೇಬಲ್ ಫ್ಯಾನು ಇಡುತ್ತಿದ್ದರು; ಓವನ್ನು ಆರಿತೆಂದರೆ ಬಸ್ಸು ನಿಂತಂತೆ. ಅದಾದ ಮೇಲೆ ಇಳಿಯುವವರು ತೌಡಿನ ಎಣ್ಣೆಯಲ್ಲಿ ಯಾರೂ ಇಲ್ಲ. ವರ್ಷಗಟ್ಟಲೆ ಹೀಗೇ ನಡೆದು, ಅದು ಪದ್ಧತಿಯೆಂಬುದು ಮರೆತು ಪ್ರಕೃತಿಯ ನಿಯಮವೇ ಆಗಿತ್ತು.

ಬೇಗಂ ಎಂದರೆ ಮುಮ್ತಾಜಬೇಗಂ, ಅವರ ಹೆಂಡತಿ. ಯಲಬುರ್ಗಾ ಕಡೆಯ ಎರೆನೆಲದ ಹುಡುಗಿ. ಅವಳ ಊರಲ್ಲಿ ದಿನವಿಡೀ ನೀರಿನಲ್ಲಿ ನಿಲ್ಲುವ ಭಾಗ್ಯ ಎಮ್ಮೆಗಳಿಗೆ ಮಾತ್ರ, ಅದೂ ಒಳ್ಳೆಯ ಮಳೆಯಾದ ವರ್ಷ. ಮದುವೆಯಾಗಿ ಸಿದ್ದಾಪುರಕ್ಕೆ ಬಂದ ಮೊದಲ ಮಳೆಗಾಲ, ನಾಟಿ ಹೆಂಗಸರು ಬೆಳಗಿನಿಂದ ಸಂಜೆವರೆಗೆ ಗದ್ದೆಯ ಕೆಸರಲ್ಲಿ ನಿಂತು, ಬೆರಳ ಸಂದಿಯಲ್ಲಿ ಹುಣ್ಣು ಮಾಡಿಕೊಂಡು, ಕಾಲನ್ನು ಓರೆ ಇಟ್ಟುಕೊಂಡು ಮನೆಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಮರು ವಾರ ಗಂಡನಿಗೆ ಗಂಗಾವತಿಯ ಕಿರಾಣಿ ಅಂಗಡಿಯಿಂದ ರಾಳ ತರಲು ಹೇಳಿದಳು. ಬೆಂಕಿಗೆ ಎರಚಿದರೆ ಭುಗ್ಗೆನ್ನುತ್ತದಲ್ಲ, ಆ ಹಳದಿ ಹರಳಿನ ರಾಳ. ಅದನ್ನು ಎಣ್ಣೆಯಲ್ಲಿ ಕರಗಿಸಿ ಏನೋ ಮಾಡಿ ಬೆಣ್ಣೆಯಂಥ ಬಿಳಿ ಮುಲಾಮು ತೆಗೆದಳು. ಅವಳ ಅಜ್ಜಿ ಒಡೆದ ಹಿಮ್ಮಡಿಗೆ ಮಾಡುತ್ತಿದ್ದುದಂತೆ. ಆಮೇಲೆ ಪ್ರತಿ ವರ್ಷ, ಮುನಿರಾಬಾದಿನ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಅವರ ಹಿತ್ತಲಲ್ಲಿ ಮುಲಾಮು ತಯಾರಾಗುತ್ತಿತ್ತು.

ಈ ಮಹಾಕಾರ್ಯದಲ್ಲಿ ಮೌಲಾಹುಸೇನರ ಪಾಲು ರಾಳ ಕುಟ್ಟಿಕೊಡುವುದು. ಬಿ.ಎಸ್ಸಿ. ಓದಿದವರಾದ್ದರಿಂದ ಸಣ್ಣಗೆ ಕುಟ್ಟುತ್ತಿದ್ದರು. ಕುಟ್ಟಿ ಕೊಟ್ಟು, ಪೇಪರು ಹಿಡಿದು ಅಂಗಳದ ಕುರ್ಚಿಗೆ ಹೋಗುತ್ತಿದ್ದರು. ಹಿತ್ತಲಲ್ಲಿ ಮುಂದೇನಾಗುತ್ತದೆಂದು ಒಂದು ಸಲವೂ ಎದ್ದು ಹೋಗಿ ನೋಡಲಿಲ್ಲ.

ಎಣ್ಣೆಯ ವಿಷಯದಲ್ಲಿ ಬೇಗಂ ಮಹಾ ಬಿಗಿ. "ಕುಷ್ಟಗಿ ಗಾಣದ್ದು, ಶುದ್ಧ ಎಳ್ಳೆಣ್ಣಿ. ಬ್ಯಾರೇ ನಾ ಮುಟ್ಟಂಗಿಲ್ಲ" ಎಂದು ಮುಲಾಮು ಒಯ್ಯುವವರಿಗೆಲ್ಲ ಹೇಳುತ್ತಿದ್ದಳು. ಮೌಲಾಹುಸೇನರು ಲ್ಯಾಬಿನಲ್ಲಿ ಪರೀಕ್ಷೆ ಮುಗಿದು ಉಳಿದ ತೌಡಿನ ಎಣ್ಣೆಯನ್ನು ಬಾಟಲಿಯಲ್ಲಿ ಮನೆಗೆ ತಂದರೆ ಅದರ ಗತಿಯೇ ಬೇರೆ. ಮನೆಯಲ್ಲಿ ಅವರಿಬ್ಬರ ಮಾತು ದಖ್ಖನಿ. ಬೈಯುವುದಕ್ಕೆ ಮಾತ್ರ ಆಕೆ ಕನ್ನಡಕ್ಕೆ ಬರುತ್ತಿದ್ದಳು, ಅದರಲ್ಲಿ ಜಾಗ ಹೆಚ್ಚಂತೆ.

"ತಂದ್ರೇನ್ರೀ ನಿಮ್ಮ ಫ್ಯಾಕ್ಟರಿ ಪ್ರಸಾದ? ಇದನ್ನ ಅಡಗಿಗೆ ಹಾಕಿದ್ರ ನಾಳಿ ನೀವು ಎತ್ತಿನಂಗ ಗ್ವಾದಲಿ ಮುಂದ ನಿಂತಿರ್ತೀರಿ. ಬಾಗಲಾ ಕಿರಗುಡಾಕತ್ತೈತಿ, ಅದಕ್ಕ ಹಾಕ್ತೀನಿ ಕೊಡ್ರಿ."

ಬಾಟಲಿ ಒಳಗೆ ಹೋಗುತ್ತಿತ್ತು. ಬಾಗಿಲು ಕಿರುಗುಡುತ್ತಲೇ ಇರುತ್ತಿತ್ತು. ಇಷ್ಟು ವರ್ಷದಲ್ಲಿ ಇವೆರಡನ್ನೂ ಕೂಡಿಸಿ ನೋಡಬೇಕೆಂದು ಕೆಮಿಸ್ಟರಿಗೆ ಹೊಳೆಯಲಿಲ್ಲ.

ಮಕ್ಕಳಾಗಲಿಲ್ಲ. ಅದರ ದುಃಖವನ್ನು ಇಬ್ಬರೂ ಜಗಳದಲ್ಲಿ ತೀರಿಸಿಕೊಂಡರು. ಒಳ್ಳೆಯ ಜಗಳಗಳು, ಓಣಿಯವರು ಟಿವಿಯ ದನಿ ತಗ್ಗಿಸಿ ಕೇಳುವಂಥವು. ೨೦೧೧ರ ಚಳಿಗಾಲದಲ್ಲಿ ಬೇಗಂಗೆ ಜ್ವರ ಬಂತು, ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಹೋದರು, ಬರುವಾಗ ಮೌಲಾಹುಸೇನರು ಒಬ್ಬರೇ ಮಾತನಾಡುವ ಸ್ಥಿತಿಯಲ್ಲಿದ್ದರು.

ಮರು ಮಳೆಗಾಲ ಕಾಲುವೆಗೆ ನೀರು ಬಂತು. ನಾಟಿ ಶುರುವಾದ ವಾರಕ್ಕೆ ಹಂಪವ್ವ ಬಂದು ಬಾಗಿಲಲ್ಲಿ ನಿಂತಳು. ಹಂಪವ್ವ ಎರಡು ಮನೆ ಆಚೆಯವಳು, ನಾಟಿ ಗುಂಪಿನ ಮುಂದಾಳು. ಹೆಂಗಸರನ್ನು ಕೂಡಿಸುವುದು, ಹೊಲದವರ ಹತ್ತಿರ ಮಾತಾಡುವುದು, ಎಲ್ಲರ ಪರವಾಗಿ ಬೈಯುವುದು ಅವಳ ಕೆಲಸ. ಅವತ್ತು ಬೈಯಲು ಬಂದಿರಲಿಲ್ಲ.

"ಸಾಹೇಬ್ರ, ಬೇಗಂ ಅವ್ರು ಮಾಡಿದ್ದು ಒಂದೀಟರ ಉಳದೈತೇನ್ರಿ? ಕಾಲು ಇಡಾಕ ಬರವಲ್ದು."

ಉಳಿದಿತ್ತು. ಗೋಡೆಯ ಮಾಡದಲ್ಲಿ, ಚಹಾಪುಡಿಯ ಹಳೆಯ ತಗಡಿನ ಡಬ್ಬಿಯಲ್ಲಿ, ತಳಕ್ಕೆ ಹತ್ತಿದಷ್ಟು. ಅದರ ನಡುವೆ ಬೇಗಂ ಕೊನೆಯ ಸಲ ತೋರುಬೆರಳಿನಿಂದ ತೆಗೆದ ಗುರುತು ಹಾಗೇ ಇತ್ತು. ನೇಗಿಲು ಹೊಡೆದು ಬಿಟ್ಟ ಸಾಲಿನಂತೆ, ಕೊನೆಯಲ್ಲಿ ಬೆರಳು ಮೇಲೆತ್ತಿದಲ್ಲಿ ಒಂದು ಸಣ್ಣ ಕೊಂಡಿ. ಮೌಲಾಹುಸೇನರು ದಿನಾ ಅದನ್ನು ತೆರೆದು ನೋಡಿ ಮುಚ್ಚುತ್ತಿದ್ದರು. ವಾಸನೆಗೆಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

"ಇಲ್ಲವ್ವಾ, ಎಲ್ಲಾ ಮುಗದೈತಿ" ಎಂದರು. ಹಂಪವ್ವ ಓರೆಗಾಲಿನಲ್ಲಿ ಹೋಗುವುದನ್ನು, ಎಷ್ಟೋ ವರ್ಷದ ಹಿಂದೆ ಬೇಗಂ ನಿಂತಿದ್ದ ಜಾಗದಲ್ಲೇ ನಿಂತು ನೋಡಿದರು. ಕೂಗಿ ಕರೆದರು. "ಹಂಪವ್ವಾ! ನಾ ಮಾಡಿಕೊಡ್ತೀನಿ."

"ನೀವಽ?" ಎಂದಳು ಹಂಪವ್ವ. ಆ ಒಂದು ಪದದಲ್ಲಿ ಆಕೆಗೆ ಅವರ ಬಗ್ಗೆ ತಿಳಿದದ್ದೆಲ್ಲ ಇತ್ತು.

"ಹೆಂಗ ಮಾಡ್ತಿದ್ದಳು, ನಿನಗ ಗೊತ್ತೇನು?"

"ನನಗೇನ್ರಿ ಗೊತ್ತು? ನನ್ನ ಕಾಲಿಗೆ ಗೊತ್ತು. ಕೂಡೇ ಇದ್ದಾವ್ರು ನೀವು, ನನ್ನ ಕೇಳ್ತೀರಲ್ಲ."

ಮೌಲಾಹುಸೇನರಿಗೆ ಇನ್ನು ಕೇಳಲು ಉಳಿದಿದ್ದವರು ಒಬ್ಬರೇ, ಅವರು ಫ್ಯಾಕ್ಟರಿಯ ಮೂಲೆಯಲ್ಲಿ ಹೂವಿನ ಮುಸುಕು ಹೊದ್ದುಕೊಂಡು ಕೂತಿದ್ದರು. ಎಣ್ಣೆ ಯಾವುದು, ರಾಳ ಎಷ್ಟು, ಎರಡೂ ಆಸಿಡ್ಡಿನ ಲೆಕ್ಕವೇ, ಮಷೀನು ಹೇಳಲೇಬೇಕು. ತೊಂದರೆಯೊಂದೇ. ಮಷೀನಿಗೆ ಕೊಟ್ಟದ್ದು ತಿರುಗಿ ಬರುವುದಿಲ್ಲ. ಕಾಯಿಸಿ, ಮೆಥನಾಲಿನಲ್ಲಿ ಹದಮಾಡಿ, ಸೂಜಿಯಲ್ಲಿ ಏರಿಸಿದರೆ ಕೊನೆಗೆ ಅದು ಸಣ್ಣ ಉರಿಯೊಂದರಲ್ಲಿ ಸುಟ್ಟು ಹೋಗುತ್ತದೆ. ಕಾಗದದ ಮೇಲಿನ ಗುಡ್ಡಗಳೆಲ್ಲ ಆ ಉರಿ ಬರೆಸಿದವು. ಬೇಕಾಗುವುದೇನೋ ಎಳ್ಳು ಕಾಳಿನಷ್ಟು. ಆದರೆ ಇದ್ದದ್ದೇ ಅಷ್ಟು ಎಂದಾಗ ಎಳ್ಳು ಕಾಳೂ ದೊಡ್ಡದೇ.

ಡಬ್ಬಿಯ ಅಂಚಿನಿಂದ, ಬೆರಳ ಗುರುತಿಗೆ ತಾಗದಂತೆ, ಗಾಜಿನ ಕಡ್ಡಿಯಿಂದ ಕೆರೆದು ತೆಗೆದರು. ಸಂಜೆ ಕೆಲಸ ಮುಗಿದ ಮೇಲೆ ಮಷೀನಿಗೆ ಹಾಕಿ ಮುಂದೆ ಕೂತರು. ಪಾಮಿಟಿಕ್ ಇಳಿಯಿತು. ಓಲಿಕ್ಕು, ಲಿನೋಲಿಕ್ಕು ಇಳಿದವು. ಕೊನೆಯ ಚಿಕ್ಕ ಗುಡ್ಡ ಇಳಿದು ಪೆನ್ನು ನೆಲ ಮುಟ್ಟಿತು. ಎದ್ದರು, ಓವನ್ನಿನ ಬಾಗಿಲು ತೆರೆದರು, ಫ್ಯಾನು ಇಟ್ಟರು. ಕೈ ತನ್ನಷ್ಟಕ್ಕೆ ತಾನೇ ಮಾಡಿತು.

ಕಾಗದ ಹರಿದು ನೋಡಿದರೆ ರಾಳವೇ ಇಲ್ಲ.

ಹೇಗೆ ಇರುವುದಿಲ್ಲ? ಪ್ರತಿ ವರ್ಷ ಕುಟ್ಟಿ ಕೊಟ್ಟವರು ತಾವೇ. ಬೇಗಂ ತಮ್ಮಿಂದ ಸುಮ್ಮನೆ ಕುಟ್ಟಿಸಿ ಹಿತ್ತಲಿಗೆ ಎಸೆಯುತ್ತಿದ್ದಳೋ? ಮಾಡಲು ಕೆಲಸವಿಲ್ಲದ ಗಂಡನನ್ನು ದಾರಿಯಿಂದ ಆಚೆಗಿಡಲು ಅದೊಂದು ಉಪಾಯವೋ? ಅವಳ ಬುದ್ಧಿಗೆ ಅದು ಕಷ್ಟವೇನಲ್ಲ. ಸಿದ್ದಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೌಲಾಹುಸೇನರು ಬೇಗಂ ಜೊತೆ ಮನಸ್ಸಿನಲ್ಲೇ ಒಂದು ಜಗಳ ಆಡಿದರು. ಉತ್ತರ ಬಾರದ್ದರಿಂದ ಅವರೇ ಗೆದ್ದರು. ಗೆದ್ದ ಜಗಳ ಇಷ್ಟು ರುಚಿಯಿಲ್ಲದ್ದೆಂದು ಅವರಿಗೆ ಮೊದಲ ಸಲ ತಿಳಿಯಿತು.

ಮರುದಿನ ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಟ್ಯಾಂಕರ್ ನಿಂತಿತ್ತು. ಎಣ್ಣೆಯ ಸ್ಯಾಂಪಲ್ಲು ಹಾಕಿ ಮೌಲಾಹುಸೇನರು ಚಹಾ ಕುಡಿಯಲು ಹೋದರು. ಬಂದು ನೋಡಿದರೆ ಮ್ಯಾನೇಜರ್ ಗೋವಿಂದರಾಜರು ಕಾಗದ ಹಿಡಿದುಕೊಂಡು ನಿಂತಿದ್ದಾರೆ. ಕಾಲುವೆ ಬಂದಾಗ ಆಂಧ್ರದಿಂದ ಬಂದು, ಕ್ಯಾಂಪ್ ಎಂದು ಕರೆಯುವ ವಲಸಿಗರ ಊರಿನಲ್ಲಿ ನೆಲೆಸಿದ ಮನೆತನದವರು ಗೋವಿಂದರಾಜರು. ಸಿಟ್ಟು ಬಂದಾಗ ತೆಲುಗು, ಗಾಬರಿಯಾದಾಗ ಕನ್ನಡ. ಈಗ ಎರಡೂ ಬಂದಿದ್ದವು.

"ಏಮಿಟಿದಿ, ಮೌಲಾ ಸಾಬ್ರ? ತೌಡಿನ ಎಣ್ಣ್ಯಾಗ ಈ ಡುಬ್ಬ ಎಲ್ಲಿಂದ ಬಂತ್ರಿ?"

ಪಾಮಿಟಿಕ್ ಇಳಿಯುವುದಕ್ಕೂ ಮೊದಲೇ, ಯಾರೂ ಇಳಿಯಬಾರದ ಜಾಗದಲ್ಲಿ, ಒಂದರ ಪಕ್ಕ ಒಂದು ಅಗಲವಾದ ಗುಡ್ಡಗಳು ಮಲಗಿದ್ದವು. ಆನೆಗುಂದಿಯ ಕಡೆಯ ಬೆಟ್ಟಗಳ ಹಾಗೆ, ಯಾವ ಅವಸರವೂ ಇಲ್ಲದೆ.

"ಯಾರರ ಎಣ್ಣಿಗೆ ಏನರ ಕಲಿಸ್ಯಾರೇನು? ಟ್ಯಾಂಕರ್ ನಿಲ್ಲಿಸಲೇನು? ಸಾಹುಕಾರ್ರಿಗೆ ಫೋನ್ ಮಾಡಲೇನು?"

ಮೌಲಾಹುಸೇನರು ಕಾಗದ ನೋಡಿದರು, ಮಷೀನು ನೋಡಿದರು, ಮುಂದಿದ್ದ ಟೇಬಲ್ ಫ್ಯಾನು ನೋಡಿದರು. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಸಾಹೇಬ್ರ, ಎಣ್ಣಿ ಸರಿ ಐತ್ರಿ. ಇದು ನಮ್ಮ ಮನಿಯಾಕಿದು."

"ಏನಂದ್ರಿ?"

"ನಿನ್ನಿ ಸಂಜಿಮುಂದ ಆಕಿ ಮುಲಾಮು ಹಾಕಿದ್ನಿರಿ. ರಾಳದ ಆಸಿಡ್ಡು ಕೊನೀ ಸ್ಟಾಪಿನ ಮಂದಿ, ಅದು ಇಳಿಯೂದರಾಗ ನಾ ಬಸ್ಸು ಡಿಪೋಕ್ಕ ಹಾಕಿಬಿಟ್ಟೆ. ರಾತ್ರಿ ಎಲ್ಲಾ ಹಿಂದಿನ ಸೀಟಿನ್ಯಾಗ ಮಲಕೊಂಡು, ಮುಂಜಾನಿ ನಿಮ್ಮ ಎಣ್ಣಿ ಹತ್ತಿದ ಕೂಡ್ಲೇ ಎದ್ದು ಇಳದೈತ್ರಿ."

ಹೇಳುತ್ತ ಅವರಿಗೆ ನಗು ಬಂತು. ಹಾಗಾದರೆ ರಾಳ ಎಸೆದಿರಲಿಲ್ಲ. ಬೇಗಂ ತಾವು ಕುಟ್ಟಿದ್ದನ್ನು ಹಾಕಿಯೇ ಹಾಕಿದ್ದಳು. ಕಣ್ಣೂ ಒದ್ದೆಯಾಯಿತು, ಮೂಗೂ. ನಗು ಹೋಗಿ ಇನ್ನೇನೋ ಆಯಿತು. ಗೋವಿಂದರಾಜರಿಗೆ ಮಷೀನಿನ ವಿಷಯ ಅರ್ಧ ತಿಳಿಯಿತು, ಮನುಷ್ಯನ ವಿಷಯ ಪೂರ್ತಿ. ಕೆಮ್ಮಿ, ಹೊರಗೆ ಹೋಗಿ, ಟ್ಯಾಂಕರಿನವನನ್ನು ಸುಮ್ಮಸುಮ್ಮನೆ ಬೈದು, ತಿರುಗಿ ಬಂದರು.

"ಇನ್ನೊಮ್ಮೆ ಎಣ್ಣಿ ಹಾಕಿ ಸರಿ ರಿಪೋರ್ಟ್ ಕೊಟ್ಟು ಟ್ಯಾಂಕರ್ ಕಳಿಸ್ರಿ. ಇವತ್ತು ಸಂಜಿಕ ಮತ್ತ ನಿಮ್ಮ ಮುಲಾಮು ಹಾಕ್ಕೋರಿ, ಪೂರಾ ಕೊನೀ ಸ್ಟಾಪಿನ ಮಟ ಓಡ್ಲಿ. ಕರೆಂಟ್ ಹೋದ್ರ ಜನರೇಟರ್ ಹಾಕಸ್ತೀನಿ. ಆಮ್ಯಾಲ ಓವನ್ ಕೆಂಪಗ ಕಾಯಿಸಿ ಮಷೀನ್ ಖಾಲಿ ಮಾಡಿ ಕೊಡಬೇಕು ಮತ್ತ. ಇಲ್ಲಂದ್ರ ಸಾಹುಕಾರ್ರು ನಿಮ್ಮನ್ನೂ ಕಾಯಸ್ತಾರ, ನನ್ನೂ ಕಾಯಸ್ತಾರ."

ಈ ಸಲ ಅಂಚಿನಿಂದ ತೆಗೆಯುವಂತಿರಲಿಲ್ಲ. ಅಂಚಿನದು ಒಣಗಿತ್ತು, ತಗಡಿನ ತುಕ್ಕೂ ಬೆರೆತಿತ್ತು; ಲೆಕ್ಕ ಸರಿ ಬರಬೇಕಾದರೆ ನಡುವಿನದೇ ಬೇಕು. ಮೂಟೆಯ ಮೇಲಿನ ತೌಡನ್ನೇ ಸ್ಯಾಂಪಲ್ಲೆಂದು ತರುವ ಲಾರಿಯವರಿಗೆ "ನಡುವಿಂದು ತಗೊಂಡು ಬಾರೋ" ಎಂದು ಜೀವಮಾನವಿಡೀ ಬೈದ ಮನುಷ್ಯ ಅವರು. ಮಧ್ಯಾಹ್ನದ ಬಸ್ಸಿಗೆ ಮನೆಗೆ ಹೋಗಿ, ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಬೆರಳಿನ ಸಾಲು, ಕೊನೆಯ ಕೊಂಡಿ. ತಮ್ಮ ತೋರುಬೆರಳನ್ನು ಅದರ ಮೇಲೆ, ತಾಗದಷ್ಟು ಎತ್ತರದಲ್ಲಿ, ಒಮ್ಮೆ ಎಳೆದರು. ಅಳತೆ ಸಿಕ್ಕಿತು, ಅವಳದು ಸಣ್ಣ ಬೆರಳು. ಆಮೇಲೆ ಕಡ್ಡಿಯಿಂದ ಆ ಸಾಲಿನ ನಡುವಿನದನ್ನೇ ತೆಗೆದರು. ಸಾಲು ಹೋಯಿತು.

ಸಂಜೆ ಮಷೀನಿನ ಬಸ್ಸು ಕೊನೆಯ ಸ್ಟಾಪಿನವರೆಗೆ ಓಡಿತು. ಪೆನ್ನು ನೆಲ ಮುಟ್ಟಿದಾಗ ಕೈ ಬಾಗಿಲಿಗೆ ಹೋಯಿತು; ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಕೂತರು. ಎಷ್ಟೋ ಹೊತ್ತು ಬರೀ ನೆಲ. ಆಮೇಲೆ ಪೆನ್ನು ಅಲುಗಿತು. ಎದ್ದಿತು. ರಾಳ, ಒಂದರ ಹಿಂದೆ ಒಂದು, ನೆಂಟರ ಮನೆಗೆ ಬಂದವರ ಹಾಗೆ ಸಾವಕಾಶವಾಗಿ ಇಳಿಯಿತು. ಅಂಗಡಿಯ ರಾಳವನ್ನೂ ಬೇರೆಯಾಗಿ ಹಾಕಿ, ಗುಡ್ಡಕ್ಕೆ ಗುಡ್ಡ ಹೋಲಿಸಿ, ಎಣ್ಣೆಗೆ ಎಷ್ಟು ಪಾಲು ರಾಳ ಎಂಬ ಲೆಕ್ಕವನ್ನು ಮೌಲಾಹುಸೇನರು ತೆಗೆದರು.

ಆಗಲೇ ಅವರು ಕಾಗದದ ಮೊದಲ ಭಾಗವನ್ನು ಸರಿಯಾಗಿ ನೋಡಿದ್ದು. ಹಿಂದಿನ ದಿನ ರಾಳ ಹುಡುಕುವ ಭರದಲ್ಲಿ ಎಣ್ಣೆಯ ಕಡೆ ಕಣ್ಣೇ ಹೋಗಿರಲಿಲ್ಲ. ಎಳ್ಳೆಣ್ಣೆಯಲ್ಲಿ ಪಾಮಿಟಿಕ್ಕಿನ ಗುಡ್ಡ ಚಿಕ್ಕದಿರಬೇಕು. ಇಲ್ಲಿ ಅದರ ಇಮ್ಮಡಿ ಎತ್ತರ ನಿಂತಿದೆ. ಓಲಿಕ್ ಇಷ್ಟು, ಲಿನೋಲಿಕ್ ಅದಕ್ಕಿಂತ ಇಷ್ಟು ಕೆಳಗೆ. ಈ ಗುಡ್ಡದ ಸಾಲನ್ನು ಅವರು ಎಲ್ಲೋ ನೋಡಿದ್ದರು. ಎಲ್ಲೋ ಏನು, ಅದೇ ಬೆಳಿಗ್ಗೆ ನೋಡಿದ್ದರು, ಅದರ ಹಿಂದಿನ ಬೆಳಿಗ್ಗೆಯೂ, ಈ ಮಷೀನು ಬಂದಂದಿನಿಂದ ಪ್ರತಿ ಬೆಳಿಗ್ಗೆಯೂ ನೋಡಿದ್ದರು. ಟ್ಯಾಂಕರಿನ ಕಾಗದದ ಮೇಲೆ ಇದನ್ನಿಟ್ಟು ದೀಪಕ್ಕೆ ಹಿಡಿದರು. ಒಂದರ ಮೇಲೊಂದು ಕೂತವು.

ತೌಡಿನ ಎಣ್ಣೆ. ಫ್ಯಾಕ್ಟರಿ ಪ್ರಸಾದ.

ಬಾಗಿಲು ಯಾಕೆ ಕಿರುಗುಡುತ್ತಲೇ ಇತ್ತೆಂದು ಮೌಲಾಹುಸೇನರಿಗೆ ಆಗ ತಿಳಿಯಿತು. ಕುಷ್ಟಗಿ ಗಾಣದ ಮಾತು ಯಾವಾಗ ಸುಳ್ಳಾಯಿತೋ ಗೊತ್ತಿಲ್ಲ. ಮೊದಲಿನಿಂದಲೇ ಇರಬಹುದು, ಅವರು ಮೊದಲ ಬಾಟಲಿ ತಂದ ದಿನದಿಂದ. ಬೈದು ಬೈದು ಇಸಿದುಕೊಂಡು, ಅದನ್ನೇ ಹಾಕಿ, ಊರ ಹೆಂಗಸರ ಕಾಲಿಗೆಲ್ಲ ಹಚ್ಚಿಸಿ, ಗಂಡನಿಗೆ ಮಾತ್ರ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಗೊತ್ತಾಗಿದ್ದರೆ ಅವರು ಉಬ್ಬಿ ಪೇಪರಿಗೆ ಸುದ್ದಿ ಕೊಡುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. "ಒಂದಿನ ಹೇಳಬಾರದಾಗಿತ್ತೇನ" ಎಂದು ಅವರು ಮಷೀನಿಗೆ ಹೇಳಿದರು. ಅದು ಗುಂಯ್ ಎನ್ನುತ್ತಿತ್ತು.

ಮರುದಿನ ಓವನ್ನು ಕಾಯಿಸಿ ಖಾಲಿ ಮಾಡಬೇಕಿತ್ತು. ಅದಕ್ಕೆ ಮೊದಲು, ಒಳಗೆ ಏನಾದರೂ ಉಳಿದಿದೆಯೋ ನೋಡಲು, ಏನೂ ಹಾಕದೆ ಬರೀ ಖಾಲಿ ಸೂಜಿ ಚುಚ್ಚಿ ಓಡಿಸುವುದೊಂದು ಕ್ರಮ. ಓಡಿಸಿದರು. ರಾಳದ ಜಾಗದಲ್ಲಿ ಒಂದು ಚಿಕ್ಕ ದಿಬ್ಬ ಎದ್ದಿತು. ನಳಿಗೆಯ ಬಾಯಿಗೆ ಎಲ್ಲೋ ಅಂಟಿಕೊಂಡದ್ದು. ಕಾಯಿಸುವ ಬದಲು ಮೌಲಾಹುಸೇನರು ಇನ್ನೊಮ್ಮೆ ಖಾಲಿ ಸೂಜಿ ಹಾಕಿದರು. ದಿಬ್ಬ ಮತ್ತೆ ಎದ್ದಿತು, ಇನ್ನಷ್ಟು ಚಿಕ್ಕದಾಗಿ. ಮಧ್ಯಾಹ್ನ ಊಟಕ್ಕೆ ಹೋಗದೆ ಮತ್ತೊಂದು.

ಗೋವಿಂದರಾಜರು ಬಾಗಿಲಲ್ಲಿ ತಲೆ ಹಾಕಿದರು. "ಖಾಲಿ ಸೂಜಿ ಚುಚ್ಚಿ ಚುಚ್ಚಿ ಏನ ನೋಡಾಕತ್ತೀರಿ? ಗ್ಯಾಸ್ ಪುಕ್ಕಟ ಬರ್ತೈತೇನ್ರಿ?"

"ಸ್ವಚ್ಛ ಆತೇನು ಅಂತ ನೋಡಾಕತ್ತೀನ್ರಿ."

"ಆತೇನು?"

"ಇನ್ನೂ ಇಲ್ರಿ."

ಗೋವಿಂದರಾಜರು ಕಾಗದದ ಮೇಲಿನ ದಿಬ್ಬ ನೋಡಿದರು. ಕಣ್ಣು ಚೆನ್ನಾಗಿದ್ದವರಿಗೆ ಮಾತ್ರ ಕಾಣುವಷ್ಟಿತ್ತು. "ನಾಳಿ ಟ್ಯಾಂಕರ್ ಇಲ್ಲ" ಎಂದರು. "ಇವತ್ತೊಂದಿನ ಇರ್ಲಿ. ನಾಳಿ ಕಾಯಸ್ರಿ."

ಮರುದಿನ ಕಾಯಿಸಿದರು. ಸಂಜೆ ಕೊನೆಯ ಸಲ ಖಾಲಿ ಸೂಜಿ ಹಾಕಿದಾಗ ಪೆನ್ನು ಕಾಗದದ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಗೆರೆ ಎಳೆಯಿತು. ಇಷ್ಟು ಚೊಕ್ಕ ಗೆರೆ ಆ ಮಷೀನಿನಿಂದ ಯಾವತ್ತೂ ಬಂದಿರಲಿಲ್ಲ. ಗೋವಿಂದರಾಜರು ಭೇಷ್ ಎಂದರು. ಮೌಲಾಹುಸೇನರು ಮುಸುಕು ಹೊದಿಸಿ ಮನೆಗೆ ಹೋದರು.

ಇನ್ನು ಮುಲಾಮು. ಲೆಕ್ಕ ಕೈಯಲ್ಲಿತ್ತು. ಗ್ರಾಂ ತಪ್ಪದಂತೆ ರಾಳ ತೂಗಿ, ಗ್ರಾಂ ತಪ್ಪದಂತೆ ತೌಡಿನ ಎಣ್ಣೆ ತೂಗಿ, ಕಾಯಿಸಿ ಕೂಡಿಸಿದರು. ಆರಿದ ಮೇಲೆ ನೋಡಿದರೆ ಕಂದು ಬಣ್ಣದ, ಬೆರಳು ಇಟ್ಟರೆ ಬೆರಳು ಬಿಡದ ಒಂದು ವಸ್ತು. ಮಾತು ಕೊಟ್ಟಾಗಿತ್ತಲ್ಲ, ಹಂಪವ್ವನನ್ನು ಕರೆದರು. ಆಕೆ ಮೂಸಿ, ಕಡ್ಡಿಯಿಂದ ಎತ್ತಿ, ದಾರದಂತೆ ಎಳೆಯುವುದನ್ನು ನೋಡಿ, ಹಿಂದೆ ನಿಂತ ಹೆಂಗಸರಿಗೆ ತೋರಿಸಿದಳು.

"ಸಾಹೇಬ್ರ, ಇದು ಬೇಗಂ ಅವ್ರದಲ್ರಿ. ಇದು ಸೈಕಲ್ ಪಂಚರ್ ತಿದ್ದೂ ಸೊಲ್ಯೂಷನ್. ಇದನ್ನ ಹಚ್ಚಿಕೊಂಡು ಗದ್ದಿಗೆ ಇಳದ್ರ ಅಲ್ಲೇ ಅಂಟಿಕೊಂಡು ನಿಂದರ್ತೀವಿ, ಬೆದರುಗೊಂಬಿ ಆಗಿ."

ಹೆಂಗಸರು ನಕ್ಕರು. ನಕ್ಕು, ಅಲ್ಲೇ ಕಟ್ಟೆಯ ಮೇಲೆ ಕೂತರು. ಬೇಗಂ ಅವರದು ಹೀಗಿತ್ತು, ಹಾಗಿತ್ತು, ಬೇಗಂ ಅವರು ಕೊಡುವಾಗ ಕಾಲು ತೊಳೆದುಕೊಂಡು ಬಂದೀರೇನು ಎಂದು ಕೇಳುತ್ತಿದ್ದರು, ತೊಳೆಯದವರಿಗೆ ತಾವೇ ಚೆಂಬು ತರುತ್ತಿದ್ದರು, ಒಮ್ಮೆ ಒಬ್ಬ ಗೌಡರ ಸೊಸೆ ಮುಖಕ್ಕೆ ಹಚ್ಚಿಕೊಳ್ಳಲು ಕೇಳಿದ್ದಕ್ಕೆ, "ಮುಖದ ಮ್ಯಾಲ ನಡೀತಿಯೇನವ್ವಾ?" ಎಂದಿದ್ದರು. ಇದು ಮೌಲಾಹುಸೇನರಿಗೆ ಗೊತ್ತೇ ಇರಲಿಲ್ಲ. ಆಗ ಅವರು ಅಂಗಳದಲ್ಲಿ ಪೇಪರು ಓದುತ್ತಿದ್ದಿರಬೇಕು.

ಮಷೀನಿಗೆ ಎಣ್ಣೆ ಕಾಣುತ್ತದೆ, ರಾಳ ಕಾಣುತ್ತದೆ. ಕೈ ಕಾಣುವುದಿಲ್ಲ, ಹಿತ್ತಲೂ ಕಾಣುವುದಿಲ್ಲ. ಆ ವರ್ಷವೆಲ್ಲ ಅವರು ರಾಳ ಹೆಚ್ಚು ಮಾಡಿದರು, ಕಡಿಮೆ ಮಾಡಿದರು, ಹೆಚ್ಚು ಹೊತ್ತು ಕಾಯಿಸಿದರು, ಒಮ್ಮೆ ಪಾತ್ರೆಗೇ ಬೆಂಕಿ ಹತ್ತಿಸಿ ಹುಬ್ಬು ಕಳೆದುಕೊಂಡರು. ಪ್ರತಿ ಸಲವೂ ಹೆಂಗಸರು ಬಂದು ಮೂಸಿ, ಬೇಗಂ ಅವರದಲ್ಲ ಎಂದು ತೀರ್ಪು ಕೊಟ್ಟು, ಯಾಕೆ ಅಲ್ಲ ಎಂಬುದನ್ನು ಕೂತು ವಿವರಿಸಿ ಹೋಗುತ್ತಿದ್ದರು. ಮೌಲಾಹುಸೇನರು ಅವರಿಗೆ ಚಹಾ ಮಾಡಲು ಕಲಿತರು. ಮುಲಾಮಿಗಿಂತ ಅದು ಸುಲಭವಿತ್ತು.

ಮರು ವರ್ಷದ ನಾಟಿಯ ಹೊತ್ತಿಗೆ ಗುಟ್ಟು ಬಯಲಾಯಿತು, ಅದೂ ಅವರ ಜಾಣತನದಿಂದಲ್ಲ. ಕಂದು ಅಂಟನ್ನು ಕೈಯಿಂದ ಬಿಡಿಸಿಕೊಳ್ಳಲು ಹಿತ್ತಲ ನಲ್ಲಿಯ ಕೆಳಗೆ ಉಜ್ಜುತ್ತಿದ್ದರು. ಸೋಪಿಗೂ ಹೋಗದು. ಸಿಟ್ಟಿನಲ್ಲಿ ಅಂಗೈಗೆ ಅಂಗೈ ಬಡಿದು ಬಡಿದು ತಿಕ್ಕಿದರು. ನೋಡನೋಡುತ್ತ ಕಂದು ಹೋಗಿ ಅಂಗೈ ಬೆಳ್ಳಗಾಯಿತು. ಬೆರಳ ಸಂದಿಯಲ್ಲೆಲ್ಲ ಬೆಣ್ಣೆ. ಕೈಯ ಚಪ್ ಚಪ್ ಸದ್ದು ಕಿವಿಗೆ ಬಿದ್ದಾಗ ಅವರು ನಿಂತುಬಿಟ್ಟರು. ಈ ಸದ್ದನ್ನು ಪ್ರತಿ ಮಳೆಗಾಲ, ಪೇಪರಿನ ಆಚೆಯಿಂದ ಕೇಳಿದ್ದರು. ಬೇಗಂ ಬಟ್ಟೆ ಒಗೆಯುತ್ತಿದ್ದಾಳೆ ಎಂದುಕೊಂಡಿದ್ದರು.

ಹಿಟ್ಟು ನಾದುವ ದೊಡ್ಡ ಪರಾತಿನಲ್ಲಿ ನೀರು ಹಾಕಿ, ಅದಕ್ಕೆ ಬಿಸಿ ಎಣ್ಣೆ-ರಾಳ ಸುರಿದು, ಕೈಯಿಂದ ಬಡಿದು, ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಬಡಿದರು. ಎಷ್ಟು ಸಲ ಎಂದು ಲೆಕ್ಕವಿಡಲಿಲ್ಲ. ಲೆಕ್ಕದ ಮನುಷ್ಯ ಅಂದು ಲೆಕ್ಕ ಮರೆತಿದ್ದರು. ತೋಳು ಬಿದ್ದು ಹೋಗುವಂತಾಯಿತು. ಬಿಳಿ ಮುಲಾಮು ಬಂತು. ಮೂಸಿದರು. ಮನೆಯೆಲ್ಲ ಅದೇ ವಾಸನೆ.

ಹಂಪವ್ವ ಬಂದಳು. ಬೆರಳಿನಿಂದ ತೆಗೆದು, ಕಟ್ಟೆಗೆ ಕಾಲಿಟ್ಟು ಹಚ್ಚಿಕೊಂಡಳು. "ಆತ್ರಿ" ಎಂದಳು. "ಅಗದೀ ಬೇಗಂ ಅವ್ರದಽ." ಡಬ್ಬಿ ತುಂಬಿಸಿಕೊಂಡು ಲಗುಬಗೆಯಿಂದ ಹೋದಳು, ಗದ್ದೆಯಲ್ಲಿ ಮಂದಿ ಕಾಯುತ್ತಿದ್ದರು. ಮರುದಿನ ಉಳಿದ ಹೆಂಗಸರು ಬಂದರು, ಒಯ್ದರು, ಹೋದರು. ಛಲೋ ಆಗೇತ್ರಿ ಎಂದರು. ಯಾರೂ ಕೂಡಲಿಲ್ಲ. ಸರಿಯಾಗಿರುವ ಮುಲಾಮಿನ ಬಗ್ಗೆ ಮಾತನಾಡುವುದಕ್ಕೆ ಏನಿದೆ? ಹಚ್ಚಿಕೊಂಡರು, ಗುಣವಾಯಿತು. ಮೌಲಾಹುಸೇನರು ಒಲೆಯ ಮೇಲೆ ಇಟ್ಟ ದೊಡ್ಡ ಪಾತ್ರೆಯ ಚಹಾವನ್ನು ಮೂರು ಸಲ ಕಾಯಿಸಿ ಒಬ್ಬರೇ ಕುಡಿದರು.

ಅದಾದ ಮೇಲೆ ಆ ವಾರ ಬೇಗಂ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ವಾರದ ಸಂತೆಯ ದಿನ ಹಂಪವ್ವ ಖಾಲಿ ಡಬ್ಬಿ ಹಿಡಿದು ಮತ್ತೆ ಬಂದಳು. ಮೌಲಾಹುಸೇನರು ತುಂಬಿಸಿ ಕೊಟ್ಟರು. ಆಕೆ ತಿರುಗಿದಾಗ ಕರೆದರು.

"ಹಂಪವ್ವಾ, ಏನರ ತಪ್ಪು ಐತೇನ ನೋಡವ್ವಾ."

"ತಪ್ಪಿಲ್ಲಲ್ರಿ. ಹೇಳಿದ್ನಲ್ಲ."

"ಸರಿಯಾಗಿ ನೋಡು. ಬೇಗಂ ಮಾಡಿದಂಗ ಪೂರಾ ಆಗಿರಂಗಿಲ್ಲ. ಏನರ ಇದ್ದಽ ಇರ್ತೈತಿ."

ಹಂಪವ್ವ ಅವರ ಮುಖ ನೋಡಿದಳು. ಒಳಗೆ ಒಲೆಯ ಮೇಲೆ ಕುದಿಯುತ್ತಿದ್ದ ಚಹಾದ ಪಾತ್ರೆಯ ಕಡೆ ನೋಡಿದಳು. ಒಬ್ಬರಿಗೆ ಅಷ್ಟು ದೊಡ್ಡ ಪಾತ್ರೆ. ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಪಂಚಾಯಿತಿಯವರ ಹಾಗೆ ಗಂಭೀರವಾಗಿ ಮೂಸಿದಳು.

"ಹೌದ ನೋಡ್ರಿ" ಎಂದು ಕಟ್ಟೆಯ ಮೇಲೆ ಕೂತಳು. "ಈಗ ತಿಳೀತು. ವಾಸನಿ ಒಂದೀಟು ಕಡಿಮಿ ಬಿದ್ದೈತಿ. ಬೇಗಂ ಅವ್ರು ಮಾಡಿದ್ರ ಏನಾಗತಿತ್ತು ಅಂದ್ರ, ಆ ಓಣಿ ತಿರುವಿನ್ಯಾಗ ಬರೂವಾಗನ ನಮಗ..."

ಮೌಲಾಹುಸೇನರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಒಳಗೆ ಚಹಾ ಉಕ್ಕಿ ಒಲೆಗೆ ಚೆಲ್ಲಿತು. ಅವರು ಹೋಗಲಿಲ್ಲ.